ಜಾಲಿ ಗಿಡದ ಕೆಳಗೆ: ಆತಂಕದಲ್ಲಿದ್ದ ಸೇವಕನಿಗೆ ದೇವರು ಮೊದಲು ಕೊಟ್ಟದ್ದು

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: 1 ಅರಸುಗಳು 19:1-18)

  

ಇವತ್ತು ಸಂದೇಶಕ್ಕೆ ಮುಂಚೆ ಒಂದು ಸಾಕ್ಷಿ ಹೇಳ್ತೀನಿ. ಸಾಕ್ಷಿ ಅಂದ ತಕ್ಷಣ ನೀವು ಕೈ ತಟ್ಟೋಕೆ ತಯಾರಾಗ್ತೀರಾ, ಗೊತ್ತು. ಇದು ಚಪ್ಪಾಳೆಯ ಸಾಕ್ಷಿ ಅಲ್ಲ. ಸ್ವಲ್ಪ ಸುಮ್ಮನೆ ಕೇಳಿ.

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಶುಕ್ರವಾರ ಸಂಜೆ ಒಬ್ಬರ ಮನೆ ಪ್ರಾರ್ಥನೆಗೆ ಹೊರಟಿದ್ದೆವು. ಮಾರತ್ತಹಳ್ಳಿ ಹತ್ತಿರ ಔಟರ್ ರಿಂಗ್ ರೋಡಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದವು. ಮಳೆ, ಹಾರ್ನು, ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ. ಇದ್ದಕ್ಕಿದ್ದ ಹಾಗೆ ನನ್ನ ಎದೆ ಬಿಗಿಯಾಯ್ತು. ಉಸಿರು ಒಳಗೆ ಹೋಗ್ತಾ ಇಲ್ಲ ಅನ್ನಿಸಿತು. ಬೆರಳ ತುದಿ ಜುಮ್ ಜುಮ್ ಅಂತಿದೆ, ಅಂಗೈ ತಣ್ಣಗಾಗಿ ಬೆವರು. ನಾನು ಸಾಯ್ತಾ ಇದ್ದೀನಿ ಅಂತ ನನಗೆ ಖಾತ್ರಿಯಾಯ್ತು. ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳೇ ಸ್ಟೀರಿಂಗ್ ಹಿಡಿದು, ಸರ್ವಿಸ್ ರೋಡಿಗೆ ಇಳಿಸಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಇಸಿಜಿ ಮಾಡಿದರು, ರಕ್ತ ತೆಗೆದರು, ಬಿಪಿ ನೋಡಿದರು. ಕೊನೆಗೆ ಡ್ಯೂಟಿ ಡಾಕ್ಟರ್ ಬಂದರು. ನಿಮ್ಮ ವಯಸ್ಸಿನ ಹುಡುಗಿ. "ಹೃದಯ ಚೆನ್ನಾಗಿದೆ ಸರ್. ಇದು ಪ್ಯಾನಿಕ್ ಅಟ್ಯಾಕ್. ಏನ್ ಕೆಲಸ ಮಾಡ್ತೀರಾ?" ಅಂತ ಕೇಳಿದರು.

ನಾನು "ಪ್ರೈವೇಟ್ ಕಂಪನಿ" ಅಂದೆ.

ಹೆಂಡತಿ ನನ್ನ ಮುಖ ನೋಡಿದಳು. ಪ್ರಿಯರೇ, ನಿಮ್ಮ ಪಾಸ್ಟರ್ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಸುಳ್ಳು ಹೇಳಿದ. ಪೇತ್ರನಿಗೆ ಕೋಳಿ ಕೂಗಿತು, ನನಗೆ ಪಕ್ಕದ ಮಂಚದ ಮಾನಿಟರ್ ಕೂಗ್ತಾ ಇತ್ತು, ಅಷ್ಟೇ ವ್ಯತ್ಯಾಸ.

ಯಾಕೆ ಸುಳ್ಳು ಹೇಳಿದೆ? ನಾಚಿಕೆ. ಪಾಸ್ಟರ್ ಅಂದ ಮೇಲೆ ಭಯ ಇರಬಾರದು ಅಂತ ನಾನೇ ಕಲಿಸಿದ್ದೆ. ಬೈಬಲಿನಲ್ಲಿ ಭಯಪಡಬೇಡ ಅನ್ನೋ ಮಾತು 365 ಸಲ ಬರುತ್ತೆ, ದಿನಕ್ಕೊಂದು ಅಂತ ಇದೇ ಜಾಗದಲ್ಲಿ ನಿಂತು ಹೇಳಿದ್ದೆ. ವಾಟ್ಸಾಪಿನಲ್ಲಿ ಬಂದ ಲೆಕ್ಕ ಅದು. ಆಮೇಲೆ ಕೂತು ಎಣಿಸಿದೆ, ಅಷ್ಟು ಸಿಗಲ್ಲ. ತಪ್ಪು ಲೆಕ್ಕಕ್ಕೆ ಕ್ಷಮಿಸಿ. ಆದರೆ ಅದಕ್ಕಿಂತ ದೊಡ್ಡ ತಪ್ಪು ಒಂದಿದೆ. ಅದಕ್ಕೆ ಆಮೇಲೆ ಬರ್ತೀನಿ.

ಈಗ ವಾಕ್ಯಕ್ಕೆ ಹೋಗೋಣ. ಎಲೀಯನ ಕಥೆ ಸಂಡೇ ಸ್ಕೂಲಲ್ಲೇ ಕೇಳಿದ್ದೀರಿ. 18ನೇ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟ, ಎದುರಿಗೆ ಬಾಳನ 450 ಪ್ರವಾದಿಗಳು, ಇವನು ಒಬ್ಬನೇ. ಆಕಾಶದಿಂದ ಬೆಂಕಿ ಬಿತ್ತು, ಮಳೆ ಬಂತು, ಅಹಾಬನ ರಥದ ಮುಂದೆ ಇಜ್ರೇಲಿನ ತನಕ ಓಡಿದ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಅದು ದೊಡ್ಡ ಉಜ್ಜೀವನ ಕೂಟ. ಪುಟ ತಿರುಗಿಸಿದರೆ 19ನೇ ಅಧ್ಯಾಯ. ಈಜೆಬೆಲ್ ಒಂದು ಸಂದೇಶ ಕಳಿಸ್ತಾಳೆ. ಸೈನ್ಯ ಅಲ್ಲ, ಬರೀ ಒಂದು ಮೆಸೇಜ್. ಎಲೀಯ ಪ್ರಾಣ ಉಳಿಸಿಕೊಳ್ಳೋಕೆ ಓಡಿಹೋದ.

ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟ ಅಂತ ಇದೆ. ಓದುವಾಗ ನಾವು ಅದನ್ನು ಹಾರಿಸಿಬಿಡ್ತೀವಿ. ಆತಂಕ ಮೊದಲು ಮಾಡಿಸೋ ಕೆಲಸವೇ ಅದು, ಜೊತೆಗಿರುವವರನ್ನು ಬಿಡಿಸುತ್ತೆ. ಗ್ರೂಪಲ್ಲಿ ಮೆಸೇಜ್ ನೋಡ್ತೀರಾ, ಉತ್ತರ ಕೊಡಲ್ಲ. ಸೆಲ್ ಮೀಟಿಂಗಿಗೆ "ಕೆಲಸ ಇದೆ ಬ್ರದರ್" ಅಂತೀರಾ. ಆಮೇಲೆ ಅವನು ಒಬ್ಬನೇ ಒಂದು ದಿನದ ದಾರಿ ಅರಣ್ಯದೊಳಗೆ ನಡೆದು, ಒಂದು ಜಾಲಿ ಗಿಡದ ಕೆಳಗೆ ಕೂತು, ನನಗೆ ಸಾಕಾಗಿದೆ, ನನ್ನ ಪ್ರಾಣ ತೆಗೆದುಕೋ ಅನ್ನೋ ಅರ್ಥದಲ್ಲಿ ದೇವರನ್ನು ಬೇಡಿಕೊಂಡ.

ಈ ಪ್ರಾರ್ಥನೆ ನಮ್ಮ ಉಪವಾಸ ಕೂಟದಲ್ಲಿ ಯಾರಾದರೂ ಮಾಡಿದ್ದರೆ ನಾವು ಏನು ಮಾಡ್ತಿದ್ವಿ? ತಲೆ ಮೇಲೆ ಕೈಯಿಟ್ಟು ಗದರಿಸ್ತಿದ್ವಿ. ಭಯದ ಆತ್ಮವೇ ಹೊರಗೆ ಹೋಗು ಅಂತಿದ್ವಿ. ದೇವರು ಏನು ಮಾಡಿದರು? ನಿದ್ದೆ ಮಾಡೋಕೆ ಬಿಟ್ಟರು. ದೂತನು ಬಂದು ಮುಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೇವರು "ಎಷ್ಟು ಮಲಗ್ತೀಯ?" ಅನ್ನಲಿಲ್ಲ. ಎರಡನೇ ಸಲ ಅದೇ ಊಟ. ದೂತನ ಬಾಯಲ್ಲಿ ಒಂದು ಬೈಗುಳ ಇಲ್ಲ. ದಾರಿ ದೂರ ಇದೆ, ನಿನ್ನ ಕೈಲಾಗಲ್ಲ ಅನ್ನೋ ಕನಿಕರ ಮಾತ್ರ.

ಉಪದೇಶ ಇನ್ನೂ ಶುರುವಾಗಿಲ್ಲ, ನೋಡಿ. ನಿದ್ದೆ, ರೊಟ್ಟಿ, ನೀರು, ಒಂದು ಸ್ಪರ್ಶ. ನಲವತ್ತು ದಿನ ನಡೆದು ಹೋರೇಬಿಗೆ ಹೋದ ಮೇಲೆಯೇ ಮಾತು. ನೀವು ರಾತ್ರಿ ಎರಡರ ತನಕ ರೀಲ್ಸ್ ನೋಡಿ, ಬೆಳಿಗ್ಗೆ ತಿಂಡಿ ಬಿಟ್ಟು ಮೂರು ಫಿಲ್ಟರ್ ಕಾಫಿ ಕುಡಿದು, "ಪಾಸ್ಟರ್, ಯಾಕೋ ಎದೆ ಡವಡವ ಅಂತಿದೆ, ಪ್ರಾರ್ಥನೆ ಮಾಡಿ" ಅಂತ ಬಂದರೆ ನಾನು ಪ್ರಾರ್ಥನೆ ಖಂಡಿತ ಮಾಡ್ತೀನಿ. ಆದರೆ ಮೊದಲು ಊಟ ಆಯ್ತಾ ಅಂತ ಕೇಳ್ತೀನಿ. ಅದು ವಾಕ್ಯಾನುಸಾರವೇ.

ಹಾಗಾದರೆ ಪೌಲನು ಫಿಲಿಪ್ಪಿಯವರಿಗೆ ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಬರೆದದ್ದು ಸುಳ್ಳಾ? ಅಲ್ಲ. ಅಲ್ಲಿ ಗ್ರೀಕ್ ಭಾಷೆಯಲ್ಲಿರುವ ಪದದ ಮೂಲ 'ಮೆರಿಮ್ನ'. ಅದೇ ಪದವನ್ನು 2 ಕೊರಿಂಥ 11:28ರಲ್ಲಿ ಪೌಲನು ತನ್ನ ಬಗ್ಗೆಯೇ ಬಳಸ್ತಾನೆ. ಎಲ್ಲಾ ಸಭೆಗಳ ಚಿಂತೆ ದಿನದಿನವೂ ತನ್ನ ಮೇಲೆ ಬೀಳುತ್ತೆ ಅಂತ. ಚಿಂತೆ ಮಾಡಬೇಡಿ ಅಂದವನೂ ಅವನೇ, ನನಗೆ ದಿನಾ ಚಿಂತೆ ಇದೆ ಅಂದವನೂ ಅವನೇ. ಅವನು ಫಿಲಿಪ್ಪಿಯವರಿಗೆ ಕೊಟ್ಟದ್ದು ಗದರಿಕೆಯಲ್ಲ, ದಾರಿ. ಬಂದ ಚಿಂತೆಯನ್ನು ಒಳಗೇ ಕೊಳೆಯೋಕೆ ಬಿಡದೆ ದೇವರಿಗೆ ತಿಳಿಸು ಅನ್ನೋದು.

ಭಯದ ಆತ್ಮ ಅಂದೆನಲ್ಲ, ನಾವು ಸಾಮಾನ್ಯವಾಗಿ ಎತ್ತೋ ವಾಕ್ಯ 2 ತಿಮೊಥೆಯ 1:7. ಆ ಪತ್ರ ಯಾರಿಗೆ ಬರೆದದ್ದು? ತಿಮೊಥೆಯನಿಗೆ. ಆ ಹುಡುಗನಿಗೆ ಹೊಟ್ಟೆಯ ತೊಂದರೆ, ಪದೇ ಪದೇ ಕಾಯಿಲೆ. 1 ತಿಮೊಥೆಯ 5:23ರಲ್ಲಿ ಪೌಲನು ಬರೀ ನೀರು ಕುಡಿಯೋದು ಬಿಟ್ಟು ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನೆ. (ಹಿಂದಿನ ಸಾಲಿನವರು ನಗಬೇಡಿ. ಔಷಧಿಯ ಮಾತದು.) ಯಾರಿಗೆ ಹೇಡಿತನದ ಆತ್ಮವನ್ನು ದೇವರು ಕೊಟ್ಟಿಲ್ಲ ಅಂತ ಬರೆದನೋ ಅವನಿಗೇ ಔಷಧಿಯನ್ನೂ ಬರೆದುಕೊಟ್ಟ. ಅದೇ ಪೌಲ ಕೊರಿಂಥದ ಸಭೆಗೆ ಇನ್ನೊಂದು ಮಾತು ಬರೀತಾನೆ, 1 ಕೊರಿಂಥ 16:10. ತಿಮೊಥೆಯ ನಿಮ್ಮಲ್ಲಿಗೆ ಬಂದರೆ ಅವನು ಭಯವಿಲ್ಲದೆ ಇರುವ ಹಾಗೆ ನೋಡಿಕೊಳ್ಳಿ ಅಂತ. ಭಯ ಬಿಡು ಅಂತ ತಿಮೊಥೆಯನಿಗೆ ಹೇಳಿ ಕೈತೊಳೆದುಕೊಳ್ಳಲಿಲ್ಲ. ಅವನ ಭಯಕ್ಕೆ ಸಭೆಯನ್ನೂ ಜವಾಬ್ದಾರಿ ಮಾಡಿದ.

ಈ ವಚನ ಓದಿದ ದಿನ ನನಗೆ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಆಮೇಲೆ ಬರ್ತೀನಿ ಅಂದೆನಲ್ಲ, ಆ ತಪ್ಪು ಇದೇ. ಆ ಮಳೆಗಾಲಕ್ಕೆ ಎರಡು ವರ್ಷ ಮುಂಚೆ ನಮ್ಮ ಸಭೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದಿದ್ದ. ಒಳ್ಳೆ ಹುಡುಗ. ಮೆಟ್ರೋ ಹತ್ತೋಕೆ ಆಗ್ತಾ ಇಲ್ಲ, ಬಾಗಿಲು ಮುಚ್ಚಿದ ತಕ್ಷಣ ಉಸಿರು ಕಟ್ಟುತ್ತೆ, ಆಫೀಸಿಗೆ ಹೋಗೋಕಾಗ್ತಿಲ್ಲ ಅಂದ. ಡಾಕ್ಟರ್ ಹತ್ತಿರ ಹೋಗಲಾ ಅಂತ ಕೇಳಿದ. ನಾನು ಏನಂದೆ ಗೊತ್ತಾ? "ಮೂರು ದಿನ ಉಪವಾಸ ಮಾಡು ತಮ್ಮಾ. ಒಳಗೆ ಯಾವುದೋ ಮುಚ್ಚಿಟ್ಟ ಪಾಪ ಇದ್ದರೆ ಅರಿಕೆ ಮಾಡು." ಅವನು ತಲೆ ಅಲ್ಲಾಡಿಸಿದ. ಇನ್ನೊಂದೆರಡು ಭಾನುವಾರ ಬಂದ. ಆಮೇಲೆ ಬರಲಿಲ್ಲ. "ಲೋಕದ ಕಡೆಗೆ ಹೋದ" ಅಂತ ನಾನೇ ನಾಯಕರ ಕೂಟದಲ್ಲಿ ಹೇಳಿದೆ. ದೇವರು ಎಲೀಯನಿಗೆ ರೊಟ್ಟಿ ಕೊಟ್ಟರು. ನಾನು ಈ ಎಲೀಯನ ಕೈಯಿಂದ ಊಟ ಕಿತ್ತುಕೊಂಡು ಕಳಿಸಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಸುಮಾರು ಒಂದು ತಿಂಗಳು ತಡೆದು ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಎತ್ತಿದ. ಜಯನಗರದಲ್ಲಿ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಕಾಫಿ ಕುಡಿದೆವು. ಕ್ಷಮಿಸು ಅಂತ ಕೇಳಿದೆ, ನನಗಾದದ್ದನ್ನೂ ಹೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, "ಅಣ್ಣಾ, ನಿಮಗೆ ಬೆರಳು ಜುಮ್ ಅಂತಾ?" ಅಂತ ಕೇಳಿದ. ಹೂಂ ಅಂದೆ. "ಅದು ಜಾಸ್ತಿ ಉಸಿರು ಎಳೆದುಕೊಂಡು ಆಗೋದು" ಅಂದ. ನಾನು ಅವನಿಗೆ ಕಲಿಸಬೇಕಾಗಿದ್ದವನು. ಅವನು ನನಗೆ ಕಲಿಸಿದ.

ಅವನು ಹೇಳಿದ್ದು, ಆಮೇಲೆ ನನ್ನ ಡಾಕ್ಟರೂ ಬಿಡಿಸಿ ಹೇಳಿದ್ದು ಇಷ್ಟು. ಅಪಾಯ ಕಂಡಾಗ ಓಡೋಕೋ ಹೋರಾಡೋಕೋ ದೇವರು ಈ ದೇಹದಲ್ಲಿ ಒಂದು ಏರ್ಪಾಟು ಇಟ್ಟಿದ್ದಾರೆ. ಅಡ್ರಿನಲಿನ್ ಸುರಿಯುತ್ತೆ, ಎದೆ ಹೊಡೆದುಕೊಳ್ಳುತ್ತೆ, ಉಸಿರು ಜೋರಾಗುತ್ತೆ. ಹುಲಿ ಎದುರಿಗಿದ್ದರೆ ಒಳ್ಳೆಯದೇ. ಆದರೆ ಮ್ಯಾನೇಜರ್ ಮೆಸೇಜಿಗೂ ದೇಹ ಅದೇ ಕೆಲಸ ಮಾಡಿದರೆ? ಓಡೋ ಹಾಗಿಲ್ಲ, ಕುರ್ಚಿಯಲ್ಲೇ ಕೂತಿರಬೇಕು. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತೆ. ಅದರಿಂದ ತಲೆ ಸುತ್ತು, ಬೆರಳು ಜುಮ್ಮೆನ್ನೋದು. ಅದನ್ನು ನೋಡಿ ಇನ್ನಷ್ಟು ಭಯ, ಇನ್ನಷ್ಟು ಉಸಿರು. ಈ ಸುತ್ತನ್ನು ಮುರಿಯೋ ಸುಲಭದ ಜಾಗ ಉಸಿರನ್ನು ಬಿಡೋದು. ಎಳೆದುಕೊಳ್ಳೋದಕ್ಕಿಂತ ನಿಧಾನವಾಗಿ ಬಿಟ್ಟರೆ ಎದೆಬಡಿತ ಇಳಿಯುತ್ತೆ. ಮತ್ತೆ ಕಣ್ಣಿಗೆ ಕಾಣುವ ಐದು ವಸ್ತು, ಮುಟ್ಟುವ ನಾಲ್ಕು, ಕೇಳಿಸುವ ಮೂರು, ಹೀಗೆ ಒಂದೊಂದೇ ಹೆಸರಿಟ್ಟು ಹೇಳಿಕೊಳ್ಳೋದು. ಮನಸ್ಸು ನಾಳೆಗೆ ಓಡಿಹೋಗಿರುತ್ತೆ, ಅದನ್ನು ಇವತ್ತಿಗೆ ಕರೆತರೋಕೆ. ಒಂದು ಮಾತು ಮಾತ್ರ ಮರೆಯಬೇಡಿ, ಎದೆನೋವು ಮೊದಲ ಸಲ ಬಂದಾಗ ಇದು ಪ್ಯಾನಿಕ್ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ.

ಈಗ ನಿಮ್ಮಲ್ಲಿ ಕೆಲವರ ಮುಖದಲ್ಲಿ ಪ್ರಶ್ನೆ ಕಾಣ್ತಿದೆ. "ಪಾಸ್ಟರ್, ಇದು ಮೈಂಡ್‌ಫುಲ್‌ನೆಸ್ ಅಲ್ವಾ? ವಿಶ್ವಾಸಿಗಳು ಮಾಡಬಹುದಾ?" ನಿಮ್ಮ ಕಂಪನಿಯಲ್ಲೂ ಇದರ ಆ್ಯಪ್ ಕೊಟ್ಟಿರ್ತಾರೆ. ಪ್ರಾಮಾಣಿಕವಾಗಿ ಹೇಳ್ತೀನಿ. ಇದರ ಬೇರು ಬೌದ್ಧ ಧ್ಯಾನ ಪರಂಪರೆಯಲ್ಲಿದೆ. ಅದನ್ನು ಚಿಕಿತ್ಸೆಯ ರೂಪದಲ್ಲಿ ಆಸ್ಪತ್ರೆಗೆ ತಂದವರು ಜಾನ್ ಕಬಟ್-ಜಿನ್, 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಬೇರೆಯವರ ಪರಂಪರೆಯನ್ನು ಹೀಯಾಳಿಸೋದು ನಮ್ಮ ಕೆಲಸವಲ್ಲ, ಅದನ್ನು ನಮ್ಮದು ಅಂತ ಹೇಳಿಕೊಳ್ಳೋದೂ ಸರಿಯಲ್ಲ. ಆದರೆ ಗಮನ ಕೊಡೋದು, ಉಸಿರನ್ನು ನಿಧಾನ ಮಾಡೋದು ಯಾವ ಒಂದು ಧರ್ಮದ ಸ್ವತ್ತೂ ಅಲ್ಲ. ಉಸಿರು ಊದಿದವರು ದೇವರು, ಆದಿಕಾಂಡ ಎರಡನೇ ಅಧ್ಯಾಯ.

ಮತ್ತಾಯ ಆರನೇ ಅಧ್ಯಾಯದಲ್ಲಿ ಚಿಂತೆಯ ಬಗ್ಗೆ ಮಾತಾಡುವಾಗ ಯೇಸುಸ್ವಾಮಿ ಜನರಿಗೆ ಏನು ಮಾಡೋಕೆ ಹೇಳಿದರು? ನೋಡಿ ಅಂದರು. ಹಕ್ಕಿಗಳನ್ನು ನೋಡಿ, ಹೊಲದ ಹೂಗಳನ್ನು ನೋಡಿ. ಹೂವಿನ ವಿಷಯದಲ್ಲಿ ಅಲ್ಲಿರುವ ಗ್ರೀಕ್ ಪದಕ್ಕೆ ಚೆನ್ನಾಗಿ ಗಮನಿಸಿ ಕಲಿಯೋದು ಅನ್ನೋ ಅರ್ಥವಿದೆ. ಹೂವು ಹೇಗೆ ಬೆಳೆಯುತ್ತೆ ಅಂತ ಅಷ್ಟು ಹೊತ್ತು ನೋಡಬೇಕಾದರೆ ಕಾಲು ನಿಲ್ಲಬೇಕು. ಗೆತ್ಸೇಮನೆಯಲ್ಲಿ ತಾನೇ ದಿಗಿಲಿಗೊಳಗಾದಾಗ ಶಿಷ್ಯರಿಂದ ಕೇಳಿಕೊಂಡದ್ದು ನನ್ನ ಜೊತೆ ಎಚ್ಚರವಾಗಿರಿ ಅಂತ. ನಮ್ಮ ಕನ್ನಡದಲ್ಲಿ ಎಚ್ಚರ ಎಂಥಾ ಪದ ನೋಡಿ. ನಿದ್ದೆ ಬಿಟ್ಟಿರೋದೂ ಎಚ್ಚರ, ಜೋಪಾನವಾಗಿರೋದೂ ಎಚ್ಚರ. ಮೈಂಡ್‌ಫುಲ್‌ನೆಸ್‌ಗೆ ಹೊಸ ಪದ ಹುಡುಕೋ ಕಷ್ಟ ನಮಗಿಲ್ಲ. ವ್ಯತ್ಯಾಸ ಎಲ್ಲಿ ಅಂದರೆ, ನಾವು ಬರೀ ಗಮನಿಸಿ ನಿಲ್ಲಲ್ಲ. ಗಮನಿಸಿದ್ದನ್ನು ಒಬ್ಬರಿಗೆ ಹೇಳ್ತೀವಿ. "ಕರ್ತನೇ, ಎದೆ ಹೊಡೆದುಕೊಳ್ತಿದೆ. ಕೈ ತಣ್ಣಗಿದೆ. ನೀವು ಇಲ್ಲಿದ್ದೀರಿ." ಅಷ್ಟೇ ಪ್ರಾರ್ಥನೆ.

ಧ್ಯಾನ ಅನ್ನೋ ಪದಕ್ಕೂ ಹೆದರಬೇಕಾಗಿಲ್ಲ. ಮೊದಲನೇ ಕೀರ್ತನೆಯಲ್ಲಿ ಧ್ಯಾನಿಸೋದು ಅಂತ ಇರುವಲ್ಲಿ ಇಬ್ರಿಯ ಪದ 'ಹಾಗಾ'. ಯೆಶಾಯನ ಪುಸ್ತಕದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟೋದಕ್ಕೂ ಪಾರಿವಾಳ ಗುಟುರು ಹಾಕೋದಕ್ಕೂ ಅದೇ ಪದ. ಮನಸ್ಸನ್ನು ಖಾಲಿ ಮಾಡೋದಲ್ಲ, ವಾಕ್ಯವನ್ನು ಬಾಯಲ್ಲಿ ಮೆಲ್ಲಗೆ ಗುಣುಗುಟ್ಟೋದು. ನಮ್ಮ ಅಜ್ಜಿಯರು ಅಕ್ಕಿ ಆರಿಸ್ತಾ ಮಾಡ್ತಿದ್ದದ್ದು ಅದೇ.

ಪ್ಯಾರಿಸಿನ ಒಂದು ಮಠದಲ್ಲಿ 17ನೇ ಶತಮಾನದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬ ಇದ್ದ. 1691ರಲ್ಲಿ ತೀರಿಕೊಂಡ. ಅಡುಗೆಮನೆ ಕೆಲಸ, ಅದೂ ಅವನಿಗೆ ಇಷ್ಟವಿಲ್ಲದ ಕೆಲಸ. ಪಾತ್ರೆಗಳ ಮಧ್ಯೆಯೇ ದೇವರ ಸನ್ನಿಧಿಯನ್ನು ಗಮನಿಸೋಕೆ ಕಲಿತ. ಅದಕ್ಕೂ ಮುಂಚೆ ವರ್ಷಗಟ್ಟಲೆ ತಾನು ರಕ್ಷಣೆ ಹೊಂದೋದೇ ಇಲ್ಲ ಅನ್ನೋ ಭಯದಲ್ಲಿ ನರಳಿದ್ದ. ಅಂಥವನೇ ಸಮಾಧಾನದ ಬಗ್ಗೆ ಹೇಳಿದರೆ ನನಗೆ ನಂಬಿಕೆ ಬರುತ್ತೆ. ಸ್ಪರ್ಜನ್ ಕೂಡ ಹಾಗೇ. 1856ರಲ್ಲಿ ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಅವರ ಪ್ರಸಂಗದ ಮಧ್ಯೆ ಯಾರೋ ಬೆಂಕಿ ಅಂತ ಸುಳ್ಳು ಕೂಗಿ, ನೂಕುನುಗ್ಗಲಲ್ಲಿ ಏಳು ಜನ ಸತ್ತರು. ಆಗ ಸ್ಪರ್ಜನ್‌ಗೆ 22 ವರ್ಷ. ಆಮೇಲೆ ಜೀವನವಿಡೀ ಮನಸ್ಸು ಕುಸಿಯೋ ದಿನಗಳು ಬಂದವು. ಅದನ್ನು ತನ್ನ ವಿದ್ಯಾರ್ಥಿಗಳಿಂದ ಬಚ್ಚಿಡಲಿಲ್ಲ. ನಾನು ಪ್ರೈವೇಟ್ ಕಂಪನಿ ಅಂದೆ.

ಮತ್ತೆ ಹೋರೇಬಿಗೆ ಬರೋಣ. ಬಿರುಗಾಳಿ ಬಂತು, ಭೂಕಂಪ ಆಯ್ತು, ಬೆಂಕಿ ಬಂತು. ಕರ್ತನು ಅದರಲ್ಲಿ ಇರಲಿಲ್ಲ. ಆಮೇಲೆ ಒಂದು ಮೆಲ್ಲನೆಯ ಸ್ವರ. ನಾವು ಪೆಂತೆಕೊಸ್ತಿನವರು, ಗಾಳಿಯೂ ಬೆಂಕಿಯೂ ನಮ್ಮ ಕಥೆ. ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ಇಲ್ಲದೆ ನಾವಿಲ್ಲ. ಜೋರಾಗಿ ಆರಾಧನೆ ಮಾಡೋದನ್ನು ನಾನು ಬಿಡಲ್ಲ, ಪಕ್ಕದ ಮನೆಯವರು ಕ್ಷಮಿಸಲಿ. ಆದರೆ ಆ ಮೇಲುಕೋಣೆಯ ಆತ್ಮನೇ ಹೋರೇಬಿನ ಆತ್ಮನು. ನಮ್ಮ ಕೂಟದಲ್ಲಿ ಎರಡು ನಿಮಿಷ ನಿಶ್ಶಬ್ದ ಬಂದರೆ ಕೀಬೋರ್ಡಿನವರು ಗಾಬರಿಯಾಗಿ ಏನಾದರೂ ಬಾರಿಸಿಬಿಡ್ತಾರೆ. ಎಲೀಯನು ಆ ಮೆಲ್ಲನೆಯ ಸ್ವರ ಕೇಳಿದ ಮೇಲೂ ಗುಹೆಯ ಬಾಗಿಲಲ್ಲಿ ನಿಂತು ಮೊದಲಿನ ದೂರನ್ನೇ, ಅದೇ ಮಾತುಗಳಲ್ಲಿ ಮತ್ತೆ ಹೇಳಿದ, ಗಮನಿಸಿದ್ದೀರಾ? ಒಂದು ದರ್ಶನದಿಂದ ಅವನ ಆತಂಕ ಮಾಯವಾಗಲಿಲ್ಲ. ದೇವರು ಅವನಿಗೆ ಕೆಲಸ ಕೊಟ್ಟರು, ಎಲೀಷನನ್ನು ಕೊಟ್ಟರು, ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಜನ ಇದ್ದಾರೆ ಅಂದರು.

ನನ್ನದೂ ಮಾಯವಾಗಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ ತಗೋತೀನಿ. ಡಾಕ್ಟರ್ ಹೇಳುವ ತನಕ ತಗೋತೀನಿ. ನೀವು ಯಾರಾದರೂ ತಗೋತಿದ್ದರೆ ನನ್ನ ಸಂದೇಶ ಕೇಳಿ ಆವೇಶದಲ್ಲಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳದೆ ಬಿಡಬೇಡಿ. ಮೂರು ವಾರದ ಹಿಂದೆ ಮತ್ತೆ ಅದೇ ರಸ್ತೆಯಲ್ಲಿ ಎದೆ ಬಿಗಿಯಿತು. ಉಸಿರು ಮೆಲ್ಲಗೆ ಬಿಟ್ಟೆ. ಮುಂದಿನ ಆಟೋ ಹಿಂದೆ ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದೆ. "ಕರ್ತನೇ, ಹಸಿರು ಆಟೋ. ಕರ್ತನೇ, ನನ್ನ ಕೈ ಸ್ಟೀರಿಂಗ್ ಮೇಲಿದೆ. ಕರ್ತನೇ, ನೀವಿದ್ದೀರಿ." ಹತ್ತು ನಿಮಿಷ ಬೇಕಾಯ್ತು. ಭಯ ಇತ್ತು. ನಾನು ಒಬ್ಬನೇ ಇರಲಿಲ್ಲ.

ಆ ತಮ್ಮ ಈಗ ಬೇರೆ ಸಭೆಗೆ ಹೋಗ್ತಾನೆ. ಇಲ್ಲಿಗೆ ವಾಪಸ್ ಬಾ ಅಂತ ನಾನು ಕೇಳಿಲ್ಲ, ಕೇಳೋ ಹಕ್ಕೂ ನನಗಿಲ್ಲ. ತಿಂಗಳಿಗೊಮ್ಮೆ ಕಾಫಿ ಕುಡೀತೀವಿ. ಈ ಕಥೆ ಹೇಳೋಕೆ ಅವನೇ ಒಪ್ಪಿಗೆ ಕೊಟ್ಟ, ಹೆಸರು ಬೇಡ ಅಂದ.

ಎಲೀಯನ ಹಾಗೆ ಸಾಕಾಗಿದೆ, ಬದುಕೋದೇ ಬೇಡ ಅನ್ನೋ ಪ್ರಾರ್ಥನೆ ನಿಮ್ಮಲ್ಲಿ ಯಾರ ಬಾಯಲ್ಲಾದರೂ ಇದ್ದರೆ, ಇವತ್ತು ಮನೆಗೆ ಒಬ್ಬರೇ ಹೋಗಬೇಡಿ. ನನ್ನನ್ನೋ ಅಕ್ಕನನ್ನೋ ಹಿಡಿದು ನಿಲ್ಲಿಸಿ. ನಮ್ಮ ಹತ್ತಿರ ಹೇಳೋಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗೋಕೆ ಜೊತೆ ಬೇಕಾದರೆ ನಾನು ಬರ್ತೀನಿ. ಈ ಸಲ ಕೆಲಸ ಏನು ಅಂತ ಕೇಳಿದರೆ ನಿಜ ಹೇಳ್ತೀನಿ.

ಈಗ ಎದ್ದು ನಿಲ್ಲಬೇಡಿ, ಕೂತಲ್ಲೇ ಇರಿ. ಕೀಬೋರ್ಡ್ ಬೇಡ ತಮ್ಮಾ. ಎರಡೂ ಪಾದ ನೆಲಕ್ಕೆ ಊರಿ. ಕಣ್ಣು ಮುಚ್ಚಬೇಕು ಅಂತೇನಿಲ್ಲ. ಉಸಿರು ಎಳೆದುಕೊಳ್ಳಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಹೊರಗೆ ಬಸ್ಸಿನ ಸದ್ದು ಬರ್ತಿದೆ, ಬರಲಿ. ಒಳಗೆ ಏನಿದೆಯೋ ಅದನ್ನು ಇದ್ದ ಹಾಗೇ ಕರ್ತನಿಗೆ ಹೇಳಿ. ಚೆನ್ನಾಗಿ ಹೇಳಬೇಕಾಗಿಲ್ಲ.

(ಎರಡು ನಿಮಿಷ ಮೌನ)

ಕರ್ತನೇ, ನೀವು ಕೆಂಡದ ಮೇಲೆ ರೊಟ್ಟಿ ಸುಟ್ಟುಕೊಟ್ಟ ದೇವರು. ನಾಳೆ ಮೆಟ್ರೋ ಹತ್ತೋ ಮಕ್ಕಳು ಇಲ್ಲಿದ್ದಾರೆ. ರಾತ್ರಿ ಮೂರಕ್ಕೆ ಎಚ್ಚರವಾಗಿ ಫ್ಯಾನ್ ನೋಡ್ತಾ ಮಲಗೋರು ಇದ್ದಾರೆ. ಮನೆಗೆ ಸಾಲದ ಕಂತು ಕಟ್ಟೋರು, ಕೆಲಸ ಹೋದದ್ದನ್ನು ಅಪ್ಪನಿಗೆ ಇನ್ನೂ ಹೇಳದೇ ಇರೋರು ಇದ್ದಾರೆ. ಇವರನ್ನು ಮುಟ್ಟಿ ಎಬ್ಬಿಸಿ. ಊಟ ಕೊಡಿ. ಇವರು ನಮ್ಮ ಮಧ್ಯೆ ಭಯವಿಲ್ಲದೆ ಇರುವ ಹಾಗೆ ನಮ್ಮ ಸಭೆಯನ್ನು ಸರಿಮಾಡಿ, ನನ್ನಿಂದಲೇ ಶುರುಮಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಹಿಂದೆ ಟೀ, ಉಪ್ಪಿಟ್ಟು ಇದೆ. ಯಾರೂ ತಿನ್ನದೆ ಹೋಗಬೇಡಿ.